ಸರ್ವರ್ ಡೌನ್

೧೪ ಅಕ್ಟೋಬರ್ ೨೦೨೫, ಮಂಗಳವಾರ. ಕಂಪ್ಲಿ

ಇವತ್ತೂ ಆ ಕ್ರಿಪ್ಟೊ ವೆಬ್‌ಸೈಟ್ ತೆರೆಯಲಿಲ್ಲ. ಮೆಟ್ರಿಯ ಮರುಳಸಿದ್ದಮ್ಮ ಬೆಳಿಗ್ಗೆಯ ಬಸ್ಸಿಗೆ ಬಂದು ನನ್ನ ಕಂಪ್ಯೂಟರ್ ಅಂಗಡಿಯಲ್ಲಿ ಮಧ್ಯಾಹ್ನದವರೆಗೆ ಕೂತಿದ್ದರು. ಮನೆಗೆ ಆರ್‌ಸಿಸಿ ಚಾವಣಿ ಹಾಕಿಸಲು ಕೂಡಿಟ್ಟದ್ದನ್ನೆಲ್ಲ ಅಳಿಯನ ಮಾತು ಕೇಳಿ ಅದರಲ್ಲಿ ಹಾಕಿದ್ದಾರೆ.

ಬ್ರೌಸರ್ ಬದಲಿಸಿದೆ. ವೈಫೈ ಬಿಟ್ಟು ಮೊಬೈಲ್ ನೆಟ್ ಹಾಕಿದೆ. ಬ್ರೌಸರಿನಲ್ಲಿ ಉಳಿದ ಹಳೆಯ ಕ್ಯಾಶ್ ಅಳಿಸುತ್ತೇನೆ ಅಂದಾಗ, "ರೊಕ್ಕ ಅಳಸಬ್ಯಾಡ ತಂಗಿ" ಎಂದು ನನ್ನ ಕೈ ಹಿಡಿದುಕೊಂಡರು. ಬೇರೆಲ್ಲ ಸೈಟ್‌ಗಳೂ ತೆರೆಯುತ್ತವೆ, ಇದೊಂದರ ವಿಳಾಸವೇ ಇಲ್ಲ ಎನ್ನುತ್ತದೆ. ಸಹಾಯವಾಣಿ ನಂಬರು ಸ್ವಿಚ್ ಆಫ್. ದೋಷ ನಮ್ಮ ಕಡೆ ಇದ್ದಿದ್ದರೆ ಏನಾದರೂ ಮಾಡಬಹುದಿತ್ತು.

ಇದ್ದದ್ದು ಹೇಳಿಬಿಡೋಣ ಎಂದು ಬಾಯಿ ತೆರೆದೆ. "ಸರ್ವರ್ ಡೌನ್ ಐತ್ರಿ ಅಮ್ಮಾ" ಅಂದುಬಿಟ್ಟೆ.

ಅವರ ಮುಖ ಹಗುರಾಯಿತು. "ಅಷ್ಟ ಏನು? ರೇಷನ್ ಅಂಗಡ್ಯಾಗೂ ಹಂಗ ಅಂತಾರ. ಹಂಗಂತ ಅಕ್ಕಿ ಎಲ್ಲಿ ಹೋಗ್ತಾವ? ನಾಳಿ ಬರ್ತೀನಿ ತಗೋ."

ಅಲ್ಲಾದರೆ ಒಳಗೆ ಅಕ್ಕಿ ಚೀಲಗಳಿರುತ್ತವೆ. ಇಲ್ಲಿ ಒಳಗೆ ಏನೂ ಇಲ್ಲ ಎಂದು ಹೇಗೆ ಹೇಳಲಿ? ಬೇರೆ ಯಾವ ಸುಳ್ಳನ್ನೂ ಅವರು ಇಷ್ಟು ನಂಬುತ್ತಿರಲಿಲ್ಲ. ನನ್ನ ಮೇಲೇ ಸಿಟ್ಟು ಬರುತ್ತಿದೆ.

ಸಂಜೆ ಶಟರ್ ಎಳೆಯುವಾಗ ನೋಡಿದೆ. ಮೆಟ್ಟಿಲ ಮೇಲೆ ಅವರ ಖಾಲಿ ಕೈಚೀಲ, ಗಾಳಿಗೆ ಹಾರದಂತೆ ಅದರ ಮೇಲೊಂದು ಕಲ್ಲು. ರೇಷನ್ ಅಂಗಡಿ ಮುಂದೆ ಇಡುವ ಹಾಗೆ, ನಾಳೆಗೆ ಪಾಳಿ ಹಿಡಿದು ಹೋಗಿದ್ದಾರೆ. ಎತ್ತಿ ಒಳಗಿಡಲು ಕೈ ಬರಲಿಲ್ಲ. ಪಾಳಿಯಲ್ಲಿ ಅದೊಂದೇ ಚೀಲ.