ಗೋಡೆಗೆ ಬಣ್ಣ ಬೇಡ

ಅತ್ತೆಯವರಿಗೆ ನಮಸ್ಕಾರ.

ಟಿಕೆಟ್ಟು, ಹೋಟೆಲು ಸೇರಿ ಈ ವಿದೇಶ ಪ್ರವಾಸ ಮೂರು ಲಕ್ಷ ನುಂಗಿತು. ನಮ್ಮ ಮಗ ತೀರಿಕೊಂಡಾಗಿನಿಂದ ತುಟಿ ಬಿಚ್ಚದ ನಿಮ್ಮ ಮಗಳು ನಾಲ್ಕು ಮಾತಾಡಲಿ ಎಂದು ಹೊರಟಿದ್ದೆವು. ನಿನ್ನೆ ಗೈಡಿಗೆ ಕಾಸು ಕೊಟ್ಟು, ಭೂಕಂಪದಲ್ಲಿ ಕುಸಿದ ನಗರದ ಇಟ್ಟಿಗೆ ರಾಶಿ ನೋಡಿದೆವು.

ಒಂದು ಮನೆಯ ಒಂದೇ ಗೋಡೆ ಉಳಿದಿತ್ತು. ಅದರ ಮೇಲೆ ಯಾರದೋ ಮಕ್ಕಳ ಎತ್ತರ ಗುರುತಿಸಿದ ಪೆನ್ಸಿಲ್ ಗೆರೆಗಳು. ನಮ್ಮ ಚಿಕ್ಕವಳು ಅದಕ್ಕೆ ಬೆನ್ನು ಕೊಟ್ಟು ನಿಂತಳು.

"ಅಮ್ಮಾ, ನಾನೀಗ ಅಣ್ಣನಷ್ಟು ಆದ್ನಾ?"

"ಇನ್ನೂ ಎರಡು ಬೆರಳು ಬೇಕು ಕಣೇ. ಮನೆಗೆ ಹೋಗಿ ಅವನ ಗೆರೆ ಪಕ್ಕ ನಿಲ್ಲಿಸಿ ಅಳೀತೀನಿ" ಎಂದವಳೇ ನಿಮ್ಮ ಮಗಳು ಬಿಕ್ಕಿ ಬಿಕ್ಕಿ ಅತ್ತಳು.

ಅವಳು ಮರೆಯಲಿ ಎಂದು ಮನೆಯಲ್ಲಿ ಅವನ ಗೆರೆಗಳಿರುವ ಕೋಣೆಗೆ ಬಣ್ಣ ಹೊಡೆಯಲು ಪೇಂಟರಿಗೆ ಹೇಳಿದ್ದೆ. ಸೋಮವಾರ ಬರುತ್ತಾನೆ, ಬಾಗಿಲಲ್ಲೇ ತಡೆಯಿರಿ. ಮುಂಗಡ ಅವನೇ ಇಟ್ಟುಕೊಳ್ಳಲಿ.

ಪೇಂಟರಿಗೆ ಪುಕ್ಕಟೆ ದುಡ್ಡು ಸಿಕ್ಕಿತು, ನಿಮ್ಮ ಮಗಳಿಗೆ ಅಳು ಸಿಕ್ಕಿತು, ಚಿಕ್ಕವಳಿಗೆ ಅಮ್ಮ ಸಿಕ್ಕಳು.

ನಿಮ್ಮ ಅಳಿಯ