ಪಕ್ಕದ ಸೀಟಿನ ಭಾರ

ಮಂಗಳವಾರ, ಹನ್ನೆರಡನೇ ತಾರೀಖು, ರಾತ್ರಿ

ಪ್ರೀತಿಯ ಅಕ್ಕಾ,

ಕಾಗದ ಬರಿ ಅಂದೆ. ಬರೆಯೋಕೆ ಕೂತ್ರೆ ನಂಗೆ ಕೈ ಓಡಲ್ಲ ಕಣೆ, ಅದಕ್ಕೇ ಫೋನಿಗೆ ಹೇಳ್ತಿದ್ದೀನಿ. ತಾರೀಖು, ಪ್ರೀತಿಯ ಅಕ್ಕಾ, ಎಲ್ಲಾ ಕಾಗದದ ಥರಾನೇ ಹೇಳಿದ್ದೀನಿ ನೋಡು. ತಡ ಆಯ್ತು, ಬೈಕೋಬೇಡ. ರೂಮಲ್ಲಿ ಉಳಿದೋರು ಮಲಗಿದ್ದಾರೆ, ನಾನು ಹೊರಗೆ ಮೆಟ್ಟಿಲ ಮೇಲೆ ಕೂತಿದ್ದೀನಿ. ಇಲ್ಲಿ ಲೈಟು ತಾನಾಗೇ ಆರಿಹೋಗುತ್ತೆ, ಆಗಾಗ ಕೈ ಬೀಸ್ಬೇಕು. ಮಧ್ಯೆ ನಾನು ಸುಮ್ನಾದ್ರೆ ಕತ್ತಲಿಗೆ ಟಾಟಾ ಮಾಡ್ತಿದ್ದೀನಿ ಅಂದ್ಕೋ.

ನೀನು ಕೇಳಿದ್ದು ಮರ್ತಿಲ್ಲ. ಟೈಲರ್ ನಿನ್ನನ್ನ ಮದುವೆ ಆಗ್ತೀನಿ ಅಂದಿದ್ದಾರೆ. ಒಳ್ಳೆ ಮನುಷ್ಯ, ಮಾತು ಕಮ್ಮಿ, ಸೂಜಿ ಬಾಯಲ್ಲಿ ಇಟ್ಕೊಂಡೇ ನಗ್ತಾರೆ ಅಂತೆಲ್ಲಾ ಹೇಳ್ದೆ. ಆಮೇಲೆ ನನ್ನ ತಲೆ ಮೇಲೆ ಹಾಕ್ಬಿಟ್ಟೆ. ‘ನಿಮ್ಮ ಭಾವ ಕಾಣೆಯಾದ ಊರಲ್ಲಿ ಇರೋನು ನೀನು. ನಾನಿನ್ನೂ ಕಾಯ್ಬೇಕಾ, ಬೇಡ್ವಾ? ನೀನು ಒಂದು ಮಾತು ಹೇಳು, ಅದನ್ನೇ ಕೇಳ್ತೀನಿ’ ಅಂದೆ. ಹೇಳ್ತೀನಿ. ಆದ್ರೆ ಮೊದ್ಲು ಪಿಕಪ್ ವಿಷಯ ಹೇಳ್ಬೇಕು. ಜಾರ್ಕೋತಿದ್ದಾನೆ ಅನ್ಬೇಡ. ಎರಡೂ ಒಂದೇ ವಿಷಯ ಅಂತ ನಂಗೆ ಅನ್ನಿಸ್ತಿದೆ.

ಭಾವನ ಗಾಡೀನೇ ಈಗ್ಲೂ ಓಡಿಸ್ತಿರೋದು, ಅದೇ ಗಾಜಿನಂಗಡಿ ಕೆಲಸ. ಕಿಟಕಿ ಗಾಜನ್ನ ಎರಡೂ ಕಡೆ ನಿಲ್ಸಿ ಕಟ್ಕೊಂಡು ಹೋಗೋದು. ಈಚೀಚೆಗೆ ಒಂದೇ ಕಡೆ ಗಾಜು ಒಡೀತಿದೆ, ಪಕ್ಕದ ಸೀಟಿನ ಕಡೇದು. ನನ್ನ ಕಡೇದಕ್ಕೆ ಒಂದು ಗೀರೂ ಇಲ್ಲ. ಯಜಮಾನ ‘ಶಾಕ್ ಅಬ್ಸಾರ್ಬರ್ ಹೋಗಿದೆ, ಬದಲಾಯಿಸು, ಇಲ್ಲಾಂದ್ರೆ ನಿನ್ನನ್ನೇ ಬದಲಾಯಿಸ್ತೀನಿ’ ಅಂದ.

ಸರಿ, ಮೆಕ್ಯಾನಿಕ್ ಹತ್ರ ಹೋದೆ. ಭಾವನೂ ಇವನ ಹತ್ರಾನೇ ಬರ್ತಿದ್ದಿದ್ದು. ಬಿಳಿ ಹುಬ್ಬಿನ ಮುದುಕ, ಗಾಡಿ ಜೊತೆ ಮಾತಾಡ್ತಾನೆ, ಮನುಷ್ಯರ ಹತ್ರ ಗೊಣಗ್ತಾನೆ. ಬಾನೆಟ್ಟಿನ ಮೂಲೆ ಮೇಲೆ ಎರಡೂ ಕೈ ಇಟ್ಟು ಒತ್ತಿ ಬಿಟ್ಟ. ಶಾಕ್ ಚೆನ್ನಾಗಿದ್ರೆ ಗಾಡಿ ಒಂದ್ಸಲ ಎದ್ದು ನಿಂತ್ಬಿಡ್ಬೇಕಂತೆ. ನನ್ನ ಕಡೆ ಹಾಗೇ ನಿಂತಿತು. ಆ ಕಡೆ ಒತ್ತಿ ಬಿಟ್ರೆ, ಏಳುತ್ತೆ, ಇಳಿಯುತ್ತೆ, ಏಳುತ್ತೆ, ಇಳಿಯುತ್ತೆ. ನಿದ್ದೆ ಮಾಡೋರ ಎದೆ ಥರ. ಅವನು ಕೈ ತೆಗೆದು ದೂರ ನಿಂತು ನೋಡ್ತಾನೇ ಇದ್ದ.

‘ಪಕ್ಕದಲ್ಲಿ ಯಾರು ಕೂರೋದು?’

‘ಯಾರೂ ಇಲ್ಲ.’

‘ದಿನಾ ಕೂರೋನು. ದಪ್ಪ ಆಳು.’

‘ನಾನೊಬ್ನೇ ಓಡ್ಸೋದು ಮೇಸ್ತ್ರಿ.’

ಚಕ್ರದ ಮೇಲಿನ ಸಂದಿಗೆ ಬೆರಳು ತೂರಿಸಿ ತೋರಿಸ್ದ. ನನ್ನ ಕಡೆ ನಾಲ್ಕು ಬೆರಳು ಹಿಡೀತು, ಆ ಕಡೆ ಎರಡೇ. ‘ಸ್ಪ್ರಿಂಗ್ ಸುಸ್ತಾಗಿರ್ಬೇಕು’ ಅಂತ ಬಗ್ಗಿ ನೋಡ್ದ. ಎದ್ದು, ‘ಸ್ಪ್ರಿಂಗ್‌ಗೆ ಏನೂ ಆಗಿಲ್ಲ’ ಅಂದ.

ಆಮೇಲೆ ಇಬ್ರೂ ಬಿಡಿಭಾಗದಂಗಡಿಗೆ ಹೋದ್ವಿ. ಗೋಡೆ ತುಂಬಾ ಶಾಕ್ ನೇತಾಕಿದ್ದಾರೆ ಕಣೆ, ಕೆಂಪು, ಹಳದಿ, ನೀಲಿ. ಅಂಗಡಿಯವ ಕೆಂಪುದು ತೆಗೆದ. ‘ಗ್ಯಾಸ್ ತುಂಬಿರೋದು. ಇದು ಹಾಕಿದ್ರೆ ಗಾಡಿ ಹಾರುತ್ತೆ.’ ‘ಹಾರೋದು ಬೇಡಪ್ಪ, ಹಿಂದೆ ಗಾಜಿದೆ’ ಅಂದೆ. ಭಾರದ ಗಾಡಿಗೆ ಅಂತ ದಪ್ಪದೊಂದು ತೋರಿಸ್ದ, ನನ್ನ ತೊಡೆಗಿಂತ ದಪ್ಪ. ಮೆಕ್ಯಾನಿಕ್ ಅದನ್ನ ವಾಪಸ್ ಇಟ್ಟ. ‘ಭಾರ ಹೊರೋದು ಸ್ಪ್ರಿಂಗು. ಶಾಕು ಕುಣಿತ ನಿಲ್ಸೋಕೆ. ಎಲ್ರೂ ಜನ್ಮದಲ್ಲಿ ಒಂದ್ಸಲ ಹೊತ್ತ ಲೋಡಿಗೆ ಶಾಕ್ ಕೊಳ್ತಾರೆ, ಆಮೇಲೆ ಖಾಲಿ ಗಾಡೀಲಿ ಬೆನ್ನು ಮುರ್ಕೋತಾರೆ. ದಿನಾ ಏನು ಹೊರ್ತೀಯೋ ಅದನ್ನ ಹೇಳು, ನಿಜ ಹೇಳು.’

‘ಗಾಜು. ಮತ್ತೆ ನಾನು.’

ಅವನು ನನ್ನ ಮುಖಾನೇ ನೋಡ್ತಾ ಇದ್ದ. ಕೊನೆಗೆ ಎಣ್ಣೆಯದ್ದು ಆರಿಸ್ದ, ಕಪ್ಪು ಬಣ್ಣ, ಮೆತ್ತಗೆ ಕೂರೋದು. ‘ಶುಕ್ರವಾರ ಬಾ’ ಅಂದ. ‘ಇಬ್ರೂ ಬನ್ನಿ’ ಅಂದ.

ಲೈಟು ಆರ್ತು. ಸಾಕು ಇವತ್ತಿಗೆ.

ನಿನ್ನ ಗುಬ್ಬಿ


ಶುಕ್ರವಾರ, ರಾತ್ರಿ

ಅಕ್ಕಾ,

‘ಇಬ್ರೂ ಅಂದ್ರೆ ಯಾರೋ?’ ಅಂತ ನೀನು ಕಳ್ಸಿದ್ದು ಕೇಳಿಸ್ಕೊಂಡೆ. ನಿನ್ನ ದನಿ ಸಣ್ಣಗಾಗಿತ್ತು. ಹೆದರ್ಬೇಡ. ಹೆದರೋ ಹಾಗೇನೂ ಇಲ್ಲ ಅಲ್ಲಿ, ಅದೇ ವಿಚಿತ್ರ.

ಭಾವ ನನ್ನನ್ನ ಈ ಊರಿಗೆ ಕರ್ಕೊಂಡು ಬಂದಾಗ ಆ ಸೀಟು ನಂದು. ‘ಈ ಗುಬ್ಬಿ ಕೂತ್ರೂ ಒಂದೇ ಇಳಿದ್ರೂ ಒಂದೇ, ಗಾಡಿಗೆ ಗೊತ್ತೇ ಆಗಲ್ಲ’ ಅಂತ ರೇಗಿಸ್ತಿದ್ರು. ಅವರು ಹತ್ತಿದ್ರೆ ಮಾತ್ರ ಗಾಡಿ ಧೊಪ್ ಅಂತ ಕೂರೋದು. ನಾನು ಅಲ್ಲೇ ನಿದ್ದೆ ಹೊಡೀತಿದ್ದೆ. ಟೀ ಕುಡಿಯೋಕೆ ನಿಲ್ಸಿದಾಗ ಅವರು ಇಳಿದು, ಸುತ್ತಿ ಬಂದು, ಹೊರಗಿಂದ ಗಾಡೀನ ಎರಡು ಸಲ ಅದುಮೋರು. ‘ಎದ್ದೇಳೋ, ಬಾ.’ ತೊಟ್ಟಿಲು ತೂಗಿದ ಹಾಗೆ ಇರೋದು, ಎಚ್ಚರ ಆಗೋ ಬದ್ಲು ಇನ್ನೂ ನಿದ್ದೆ ಬರೋದು. ಅವರು ಕಾಣೆಯಾದ ದಿನ ಯಜಮಾನ ನನ್ನನ್ನ ಗೋಡೌನಲ್ಲಿ ಇಟ್ಕೊಂಡಿದ್ದ. ಭಾವ ಒಬ್ರೇ ಹೋದ್ರು. ಗಾಡಿ ಕಲ್ಲು ಕ್ವಾರಿ ರಸ್ತೇಲಿ ಸಿಕ್ತು, ಬಾಗಿಲು ಹಾಕಿತ್ತು, ಕೀ ಅದರಲ್ಲೇ ಇತ್ತು. ಕ್ವಾರಿ ನೀರಲ್ಲಿ ಹುಡುಕಿದ್ರು, ತಳ ಸಿಗ್ಲಿಲ್ಲ ಅಂದ್ರು. ಇದೆಲ್ಲಾ ನಿಂಗೆ ಗೊತ್ತಿರೋದೇ.

ಇವತ್ತಿಂದು ಹೇಳ್ತೀನಿ. ಮೆಕ್ಯಾನಿಕ್ ಹಳೇ ಶಾಕ್ ಬಿಚ್ಚಿ ಹೊಸದು ಹಾಕ್ದ. ಗಾಡೀನ ಜಾಕಿಂದ ಇಳಿಸಿ, ‘ಹತ್ತಿ ಕೂತ್ಕೋ’ ಅಂದ. ಕೊನೇ ಬೋಲ್ಟುಗಳನ್ನ ಗಾಡಿ ಜಾಕ್ ಮೇಲಿದ್ದಾಗ ಬಿಗಿಯಲ್ವಂತೆ ಇವನು. ದಿನಾ ಕೂರೋರು ಕೂತು, ಗಾಡಿ ಎಷ್ಟು ಕೂರುತ್ತೋ ಅಷ್ಟು ಕೂತ ಮೇಲೇ ಬಿಗಿಯೋದು. ಇಲ್ಲಾಂದ್ರೆ ಒಳಗಿನ ರಬ್ಬರ್ ಸದಾ ತಿರುಚ್ಕೊಂಡೇ ಇದ್ದು ಬೇಗ ಹರಿಯುತ್ತಂತೆ.

ನಾನು ಕೂತೆ. ಅವನು ನನ್ನ ಕಡೆ ಕೆಳಗೆ ತೂರಿ ಬಿಗಿದ. ಈಚೆ ಬಂದು ಆ ಕಡೆ ಹೋದ. ಆಮೇಲೆ ಕೆಳಗಿಂದ ಅವನ ದನಿ, ನನ್ನ ಹತ್ರ ಗೊಣಗೋ ದನಿ ಅಲ್ಲ, ಮರ್ಯಾದೆ ದನಿ. ‘ಸ್ವಲ್ಪ ಅಲ್ಲಾಡ್ದೇ ಕೂತ್ಕೊಳ್ಳಿ.’

ನಾನು ಅಲ್ಲಾಡಿರ್ಲಿಲ್ಲ ಅಕ್ಕಾ. ನಂಗೆ ಅವನು ಯಾವತ್ತೂ ‘ಕೂತ್ಕೊಳ್ಳಿ’ ಅಂದವನೂ ಅಲ್ಲ.

ಪಕ್ಕ ನೋಡ್ದೆ. ಸೀಟು ಖಾಲಿ. ನಡುವೆ ತಗ್ಗು ಬಿದ್ದಿದೆ, ಹಳೇ ಸ್ಪಂಜು, ಯಾವಾಗ್ಲೂ ಹಾಗೇ ಇರುತ್ತೆ ಅಂತ ಇಷ್ಟು ದಿನ ಅಂದ್ಕೊಂಡಿದ್ದೆ.

ಅವನು ಬಿಗಿದು ಎದ್ದ, ಕೈ ಒರೆಸ್ಕೊಂಡ, ಆ ಬಾಗಿಲನ್ನ ಮೆಲ್ಲಗೆ ತಟ್ಟಿ ‘ಆಯ್ತು’ ಅಂದ. ಆಮೇಲೆ ನನ್ನ ಹತ್ರ ಬಂದು, ‘ಹೈವೇಲಿ ಓಡ್ಸಿದ್ರೆ ಶಾಕ್ ಗುಣ ತಿಳಿಯಲ್ಲ. ಹಾಳು ರಸ್ತೆ ಬೇಕು. ಕ್ವಾರಿ ಕಡೆ ಹೋಗ್ಬಾ’ ಅಂದ.

‘ಆ ರಸ್ತೆಗೆ ನಾನು ಹೋಗಲ್ಲ.’

‘ಗೊತ್ತು. ಟೈರ್ ನೋಡಿದ್ರೇ ಗೊತ್ತಾಗುತ್ತೆ.’

ಹೌದು, ಭಾವ ಹೋದ ಮೇಲೆ ಒಂದಿನಾನೂ ನಾನು ಆ ರಸ್ತೆ ಹಿಡ್ದಿಲ್ಲ. ಗಾಜಿನ ಫ್ಯಾಕ್ಟರಿಗೆ ಅದೇ ಹತ್ರದ ದಾರಿ. ಆದ್ರೂ ಊರೆಲ್ಲಾ ಸುತ್ತಿ ಹೋಗ್ತೀನಿ, ಯಜಮಾನ ಡೀಸೆಲ್‌ಗೆ ಬೈತಾನೆ, ಬೈಸ್ಕೋತೀನಿ. ಭಾನುವಾರ ಹೋಗ್ತೀನಿ ಅಕ್ಕಾ. ಹೋಗಿ ಬಂದು ನಿಂಗೆ ಉತ್ತರ ಹೇಳ್ತೀನಿ.

ಗುಬ್ಬಿ


ಭಾನುವಾರ, ರಾತ್ರಿ

ಪ್ರೀತಿಯ ಅಕ್ಕಾ,

ಹೋಗಿದ್ದೆ. ಮಟಮಟ ಮಧ್ಯಾಹ್ನ, ಸುಡೋ ಬಿಸ್ಲು. ಹಿಂದೆ ಖಾಲಿ. ರಸ್ತೆ ತುಂಬಾ ಗುಂಡಿ, ಲಾರಿ ಓಡಿ ಓಡಿ ಕೊರೆದಿರೋದು. ಹೊಸ ಶಾಕ್ ಚೆನ್ನಾಗಿದೆ ಕಣೆ, ಸುಳ್ಳು ಹೇಳಲ್ಲ. ಗುಂಡಿಗೆ ಇಳಿದ್ರೆ ಒಂದ್ಸಲ ಕೂತು ಒಂದ್ಸಲ ಎದ್ದು ಸುಮ್ನಾಗುತ್ತೆ. ‘ನೋಡಿ ಭಾವ, ಮೆತ್ತಗಿದೆ’ ಅಂತ ಬಾಯಿ ತಪ್ಪಿ ಅಂದ್ಬಿಟ್ಟೆ. ಅಂದ ಮೇಲೆ ಸುಮ್ನಿರೋಕಾಗ್ದೆ ಇನ್ನೂ ಮಾತಾಡ್ದೆ. ಟೈಲರ್ ವಿಷಯಾನೂ ಹೇಳ್ದೆ. ಸೂಜಿ ವಿಷಯಾನೂ.

ಗಾಡಿ ಸಿಕ್ಕಿದ ಜಾಗ ಬಂತು. ಅಲ್ಲೊಂದು ತಂತಿ ಬೇಲಿ ಹಾಕಿದ್ದಾರೆ, ಅದೂ ಅರ್ಧ ಬಿದ್ದಿದೆ, ಆಚೆ ಹಸಿರು ನೀರು. ನಿಲ್ಸಿದೆ. ಎಂಜಿನ್ ಆಫ್ ಮಾಡ್ದೆ.

ಆಗ ಆ ಕಡೆ ಎದ್ದಿತು ಅಕ್ಕಾ. ಬಾಗಿಲು ತೆಗೀಲಿಲ್ಲ, ಸದ್ದಿಲ್ಲ. ಒಬ್ಬ ದಪ್ಪ ಆಳು ಇಳಿದಾಗ ಗಾಡಿ ಹೇಗೆ ಮೇಲೆ ಬರುತ್ತೋ ಹಾಗೆ ಬಂತು, ಬಂದು ನಿಂತಿತು. ಸೀಟಿನ ತಗ್ಗು ನನ್ನ ಕಣ್ಣೆದುರಿಗೇ ನಿಧಾನಕ್ಕೆ ತುಂಬ್ಕೊಂಡು ಸಪಾಟಾಯ್ತು. ಕೈ ಇಟ್ಟು ನೋಡ್ದೆ, ಬೆಚ್ಚಗಿತ್ತು. ಬಿಸ್ಲು ಬಿದ್ದಿರ್ಬಹುದು ಅಂತೀಯ. ಬಿಸ್ಲು ನನ್ನ ಕಡೆ ಇತ್ತು.

ವಾಪಸ್ ಬರ್ತಾ ಗಾಡಿ ಪೂರ್ತಿ ನನ್ನ ಕಡೆ ವಾಲ್ಕೊಂಡಿತ್ತು. ಇಬ್ರಿಗೆ ಬಿಗಿದ ಬೋಲ್ಟು, ಇರೋನು ಒಬ್ಬ.

ಅವರು ಇಳಿದ್ರು ಅಕ್ಕಾ. ಇಷ್ಟು ದಿನ ಅವರನ್ನ ಸುಮ್ನೆ ಊರು ಸುತ್ತಿಸ್ತಿದ್ದೋನು ನಾನು. ಅವರು ಇಳಿಯೋ ಜಾಗಕ್ಕೆ ನಾನು ಹೋಗ್ಲೇ ಇಲ್ಲ. ನೀನಿನ್ನು ಕಾಯ್ಬೇಡ. ಟೈಲರ್‌ಗೆ ಹೂಂ ಅನ್ನು. ಅಮ್ಮಂಗೆ ನಾನು ಚೆನ್ನಾಗಿದ್ದೀನಿ ಅಂತ ಹೇಳು. ನಿಂಗೆ ಒಳ್ಳೇದಾಗ್ಲಿ ಕಣೆ. ದೊಡ್ಡೋರು ಹೇಳ್ಬೇಕಾದ ಮಾತು, ಇಲ್ಲಿ ದೊಡ್ಡೋರು ಯಾರೂ ಇಲ್ಲ, ಅದಕ್ಕೇ ನಾನೇ ಹೇಳ್ದೆ.

ನಿನ್ನ ತಮ್ಮ,
ಗುಬ್ಬಿ

ಮರ್ತಿದ್ದೆ, ಇದೊಂದು. ಮರ್ತಿರ್ಲಿಲ್ಲ, ಹೇಳೋದಾ ಬೇಡ್ವಾ ಅಂತ ಇದ್ದೆ. ಅವರು ಇಳಿದ ಮೇಲೆ ನಾನು ಹಾಗೇ ಕೂತಿದ್ದೆ. ಆಗ ಗಾಡಿ ಆ ಕಡೆ ಕುಸಿದು ಎದ್ದಿತು. ಎರಡು ಸಲ. ಹೊಸ ಶಾಕ್ ಎರಡು ಸಲ ಕುಣಿಯಲ್ಲ ಅಕ್ಕಾ. ಹೊರಗಿಂದ ಅದುಮಿದ್ರು. ಎದ್ದೇಳೋ, ಬಾ ಅಂತ. ನಂಗೆ ಭಯ ಆಗ್ಲಿಲ್ಲ, ಟೀಗೆ ಕರೆದ ಹಾಗಿತ್ತು, ಈ ಊರಲ್ಲಿ ನನ್ನನ್ನ ಯಾರೂ ಯಾವುದಕ್ಕೂ ಹಾಗೆ ಕರೆದಿಲ್ಲ ಅವರು ಹೋದ ಮೇಲೆ. ಬಾಗಿಲು ತೆಗೆದು ಒಂದು ಕಾಲು ಕೆಳಗಿಟ್ಟಿದ್ದೆ. ಬೇಲಿ ಅಲ್ಲೇ ಇತ್ತು, ಆಚೆ ನೀರು. ಆಗ ನಿನ್ನ ಮೆಸೇಜ್ ಬಂತು, ದಿನಾ ಕಳಿಸ್ತೀಯಲ್ಲ, ‘ಊಟ ಆಯ್ತೇನೋ’ ಅಂತ. ಇಲ್ಲ ಅಕ್ಕಾ, ಆಗಿಲ್ಲ. ಬೆಳಿಗ್ಗೆಯಿಂದ ಆಗಿಲ್ಲ. ಗಾಡಿ ಕೀ ಮೆಕ್ಯಾನಿಕ್ ಕೈಗೆ ಕೊಟ್ಟು ಬಂದಿದ್ದೀನಿ, ನಾಳೆ ಕೇಳಿದ್ರೂ ಕೊಡ್ಬೇಡಿ ಅಂದಿದ್ದೀನಿ. ಇದನ್ನ ಕೇಳಿಸ್ಕೊಂಡ ತಕ್ಷಣ ಫೋನ್ ಮಾಡು. ಎಷ್ಟು ಹೊತ್ತಾದ್ರೂ ಪರವಾಗಿಲ್ಲ, ಮೆಟ್ಟಿಲ ಮೇಲೇ ಇರ್ತೀನಿ.