ಕಣಜಕ್ಕೆ ಇಳಿಯುವವಳ ಸೊಂಟಕ್ಕೆ ಹಗ್ಗ ಕೊಡಿ

ಕಾರ್ಖಾನೆಗಳ ಸುರಕ್ಷತೆಯನ್ನು ನೋಡಿಕೊಳ್ಳುವ ಮಾನ್ಯ ಅಧಿಕಾರಿಗಳೇ,

ಇಂದು ನನಗೆ ಉಪವಾಸ. ಕಸ ಗುಡಿಸಿ, ನೀರು ತುಂಬಿಸಿ, ಮನೆಯವರಿಗೆ ಬುತ್ತಿ ಕಟ್ಟಿ, ದೇವರ ಮುಂದೆ ದೀಪ ಹಚ್ಚಿಟ್ಟು ಬರೆಯಲು ಕೂತಿದ್ದೇನೆ. ಉಪವಾಸದ ದಿನ ಸುಳ್ಳಾಡಿದರೆ ಹಸಿದದ್ದೂ ದಂಡ ಎಂದು ನಂಬಿದವಳು ನಾನು. ವಿಷಯ ಇಷ್ಟೇ: ನಮ್ಮ ಕಾರ್ಖಾನೆಯ ಬಟಾಣಿ ಕಣಜದೊಳಗೆ ಮನುಷ್ಯರು ಇಳಿಯುವುದಿಲ್ಲ ಎಂದು ತಾವು ಬರೆದುಕೊಟ್ಟಿದ್ದೀರಿ. ನನ್ನ ನಾದಿನಿ ದಿನವೂ ಇಳಿಯುತ್ತಿದ್ದಾಳೆ. ತಾವು ಬರೆದುಕೊಟ್ಟ ಮೇಲೆ, ಹಗ್ಗವಿಲ್ಲದೆ ಇಳಿಯುತ್ತಿದ್ದಾಳೆ.

ತಮಗೆ ಗೊತ್ತಿರುವುದೇ, ಪತ್ರಿಕೆಯಲ್ಲಿ ಇದನ್ನು ಓದುವ ಉಳಿದವರಿಗಾಗಿ ಹೇಳುತ್ತೇನೆ. ಸುಲಿದು ತೊಳೆದ ಬಟಾಣಿ ಒಂದು ಉದ್ದನೆಯ ಸುರಂಗದೊಳಗೆ ಹೋಗುತ್ತದೆ. ಕೆಳಗಿನಿಂದ ಹಿಮದಂಥ ಗಾಳಿ ಬೀಸಿ ಪ್ರತಿ ಕಾಳನ್ನೂ ಕುಣಿಸುತ್ತ ಬೇರೆಬೇರೆಯಾಗಿ ಹೆಪ್ಪುಗಟ್ಟಿಸುತ್ತದೆ. ಇದನ್ನು ಕಂಡುಹಿಡಿದವರಿಗೆ ದೇವರು ಒಳ್ಳೆಯ ಬುದ್ಧಿ ಕೊಟ್ಟಿದ್ದಾನೆ. ನಾನು ಮೊದಲ ಸಲ ನೋಡಿದಾಗ ಕೈಮುಗಿದಿದ್ದೆ. ಆಮೇಲೆ ಕಾಳೆಲ್ಲ ಓಡುವ ರಬ್ಬರ್ ಪಟ್ಟಿಯ ಮೇಲೆ ಏರಿ, ಮನೆಯಷ್ಟು ಎತ್ತರದ ಉಕ್ಕಿನ ಕಣಜಕ್ಕೆ ಬೀಳುತ್ತದೆ. ಕಣಜದ ತಳದ ಬಾಗಿಲಿನಿಂದ ಚೀಲಕ್ಕೆ ಇಳಿಯಬೇಕು. ಇಳಿಯುವುದಿಲ್ಲ. ಸುಗ್ಗಿಯ ಅವಸರದಲ್ಲಿ ನೀರು ಸೋರುವ ಮೊದಲೇ ಬಟಾಣಿಯನ್ನು ಸುರಂಗಕ್ಕೆ ನೂಕುತ್ತಾರೆ. ಆ ಪಸೆಯಿಂದಾಗಿ ಕಾಳಿಗೆ ಕಾಳು ಅಂಟಿ ಕಣಜದ ನಡುವೆ ಹಲಗೆಯಾಗುತ್ತದೆ. ಆಗ ಒಬ್ಬಳು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಮೇಲಿನ ಕಂಡಿಯಿಂದ ಇಳಿದು ಕೋಲಿನಿಂದ ಒಡೆಯಬೇಕು. ಕಂಡಿ ಕಿರಿದು, ತೆಳ್ಳಗಿನವರೇ ಆಗಬೇಕು. ನನ್ನ ನಾದಿನಿ ಇಳಿಯುತ್ತಿದ್ದಳು, ನಾನು ಮೇಲೆ ಹಗ್ಗ ಹಿಡಿದು ದೇವರ ನಾಮ ಹೇಳುತ್ತ ಕೂರುತ್ತಿದ್ದೆ.

ಹೋದ ವರ್ಷ ಹೊಸ ಯಂತ್ರ ಬಂತು. ಕಣಜದ ಗೋಡೆಯಿಂದ ಒಳಗೆ ರಭಸವಾಗಿ ಗಾಳಿ ಹೊಡೆದು ಕಾಳನ್ನು ಸಡಿಲಿಸುವುದು ಅದರ ಕೆಲಸ. ಅದರ ಸದ್ದಿಗೆ ನಾವು ಸೀನಪ್ಪ ಎಂದು ಹೆಸರಿಟ್ಟೆವು. ತಾವು ಪರೀಕ್ಷಿಸಲು ಬಂದದ್ದು ಸುಗ್ಗಿ ಮುಗಿದ ಮೇಲೆ. ಕಣಜದಲ್ಲಿದ್ದದ್ದು ಗೋಲಿಯ ಹಾಗೆ ಉರುಳುವ ಹಳೆಯ ಒಣ ಕಾಳು. ಸೀನಪ್ಪ ಸೀನಿದ, ಕಾಳು ಸುರಿಯಿತು, ತಾವು ಚಪ್ಪಾಳೆ ತಟ್ಟಿದಿರಿ. ಒಂದು ಮಾತು ಕೇಳಲೇ? ಕೊಡೆ ಕೊಳ್ಳುವಾಗ ಅದು ಮಳೆ ತಡೆಯುತ್ತದೆಯೇ ಎಂದು ತಾವು ಬಿಸಿಲಿನಲ್ಲಿ ಬಿಚ್ಚಿ ನೋಡುತ್ತೀರಾ? ತಮ್ಮ ಪ್ರಮಾಣಪತ್ರ ಈಗ ಗಾಜು ಹಾಕಿಸಿಕೊಂಡು ಬಾಗಿಲ ಬಳಿ ಗೋಡೆಗೇರಿದೆ. ಹಗ್ಗ ಮಾತ್ರ ಗೋಡೆಯಿಂದ ಇಳಿದು ಎಲ್ಲಿಗೋ ಹೋಯಿತು. ನನ್ನ ಕೈಗೆ ಪೊರಕೆ ಬಂತು.

ಈ ಸುಗ್ಗಿಯಲ್ಲಿ ಕಾಳು ಮತ್ತೆ ಅಂಟಿತು. ಸೀನಪ್ಪ ಸೀನಿ ಸೀನಿ ಕೆಳಗಿನದನ್ನಷ್ಟೇ ಉದುರಿಸಿದ. ಕಂಡಿಯ ಹತ್ತಿರದವರೆಗೂ ತುಂಬಿದ್ದ ಕಾಳು ಮೇಲೆ ನೆಲದಂತೆ ಕಾಣುತ್ತದೆ, ಅಡಿಯಲ್ಲಿ ಟೊಳ್ಳು. ನಾದಿನಿ ಕಾಲಿಟ್ಟಳು, ಹಲಗೆ ಮುರಿಯಿತು, ಎದೆಯವರೆಗೆ ಹೂತುಹೋದಳು. ಕೆಳಗೆ ಬಾಗಿಲು ತೆರೆದಿತ್ತು. ಕಾಳು ಜಾರಿದಷ್ಟೂ ಅವಳೂ ಜಾರುತ್ತಿದ್ದಳು. ಮೇಲೆ ಕಂಡಿಯ ಪಕ್ಕದಲ್ಲೇ ಗುಡಿಸುತ್ತಿದ್ದ ನಾನು ಪೊರಕೆ ಎಸೆದು, ಕಂಡಿಯಲ್ಲಿ ಬೋರಲು ಬಿದ್ದು, ಅವಳ ಕೋಟಿನ ಕೊರಳಪಟ್ಟಿ ಹಿಡಿದೆ.

"ಅತ್ತಿಗೆ, ಕೈ ಬಿಡ್ಬೇಡಿ."

"ಬಿಟ್ಟು ಮನೆಗೆ ಹೋದ್ರೆ ನಿಮ್ಮಣ್ಣ ಬಾಗಿಲು ತೆಗೀತಾನಾ? ಸುಮ್ನಿರು, ಅಲ್ಲಾಡ್ಬೇಡ."

ನನ್ನ ಕೂಗಿಗೆ ಚೀಲ ತುಂಬುವ ಹೆಂಗಸರು ಕೆಳಗಿನ ಬಾಗಿಲು ಹಾಕಿದರು. ಅಷ್ಟು ಹೊತ್ತೂ ಸೀನಪ್ಪ ಸೀನಲಿಲ್ಲ. ಅದು ದೇವರ ದಯೆ, ಇಲಾಖೆಯದಲ್ಲ. ಅವಳನ್ನು ಎಳೆದುಕೊಂಡೆವು. ಎಡಗಾಲಿನ ಬೆರಳುಗಳಿಗೆ ಈಗಲೂ ಬಿಸಿ ತಂಪು ತಿಳಿಯುವುದಿಲ್ಲ.

ಮೇಸ್ತ್ರಿಯ ಬಳಿ ಹೋಗಿ ಹಗ್ಗ ಕೇಳಿದೆ. ಆತ ಕೆಟ್ಟವನಲ್ಲ, ಹೆದರಿದವನು.

"ನೋಡಮ್ಮ, ಹಗ್ಗ ಕೊಟ್ರೆ ಒಳಗೆ ಜನ ಇಳೀತಾರೆ ಅಂತ ನಾನೇ ಒಪ್ಕೊಂಡ ಹಾಗಾಗುತ್ತೆ. ಇಳಿಯಲ್ಲ ಅಂತ ತಾನೇ ಸಾಹೇಬ್ರು ಬರೆದಿರೋದು?"

"ಹಾಗಾದ್ರೆ ಅವಳನ್ನ ಇಳಿಸ್ಬೇಡಿ."

"ನಾನೆಲ್ಲಿ ಇಳಿಸ್ದೆ? ಬಟಾಣಿ ಬರ್ತಿಲ್ಲ ನೋಡು ಅಂದೆ, ಅಷ್ಟೇ."

ಕೇಳಿದಿರಾ? ನಮ್ಮಲ್ಲಿ ಯಾರೂ ಯಾರನ್ನೂ ಇಳಿಸುವುದಿಲ್ಲ. 'ಬಟಾಣಿ ಬರ್ತಿಲ್ಲ ನೋಡು' ಎನ್ನುತ್ತಾರೆ. ಹಾಗೆಂದ ಕೂಡಲೇ ಒಬ್ಬ ಹೆಂಗಸು ಏಣಿ ಹತ್ತುತ್ತಾಳೆ. ಮರುದಿನ ಬಟ್ಟೆ ಒಣಹಾಕುವ ಹಗ್ಗವನ್ನೇ ಬಿಚ್ಚಿ ಸೊಂಟಕ್ಕೆ ಸುತ್ತಿ, ಮೇಲೆ ಕೋಟು ಹಾಕಿಕೊಂಡು ಹೋದೆ. ಕಾವಲುಗಾರ ತಡೆದ. "ಏನಕ್ಕಾ, ಒಂದೇ ರಾತ್ರೀಲಿ ಇಷ್ಟು ದಪ್ಪ ಆಗ್ಬಿಟ್ಟೆ?" ಎಂದು ನಕ್ಕು, ಕಾರ್ಖಾನೆಯದಲ್ಲದ ಸಾಮಾನು ಒಳಗೆ ಹೋಗಬಾರದು ಎಂದು ಕಿತ್ತಿಟ್ಟುಕೊಂಡ. ನಿಯಮ ಎಷ್ಟು ಗಟ್ಟಿ ನೋಡಿ! ಹಗ್ಗ ಹೋಗುವಂತಿಲ್ಲ, ನಾದಿನಿ ಹೋಗಬಹುದು.

'ಇಳಿಯಲ್ಲ ಅಂತ ಹೇಳಿಬಿಡು' ಎಂದು ಅವಳಿಗೇ ಹೇಳಿದೆ. ಅವಳು ಕಾಲಿಗೆ ಎಣ್ಣೆ ಉಜ್ಜಿಕೊಳ್ಳುತ್ತಿದ್ದಳು, ತಲೆ ಎತ್ತಲಿಲ್ಲ. "ನಾನು ಇಳೀದಿದ್ರೆ ನನ್ನ ಮಗಳಿಗೆ ಹೇಳ್ತಾರೆ ಅತ್ತಿಗೆ. ಚೀಲದ ಕಡೆ ಹೊಸದಾಗಿ ಸೇರಿದ್ದಾಳಲ್ಲ, ಅವಳೂ ನನ್ನ ಹಾಗೇ ಕಡ್ಡಿ." ಇದಕ್ಕೇನು ಉತ್ತರ? ತಮಗೆ ಹೊಳೆದರೆ ತಿಳಿಸಿ. ತಾವು ಓದಿದವರು ಎಂದು ಕುಹಕಕ್ಕೆ ಹೇಳುತ್ತಿಲ್ಲ. ನಿಜವಾಗಿಯೂ ನನಗೆ ದಾರಿ ಕಾಣುತ್ತಿಲ್ಲ. ದೇವರನ್ನು ಕೇಳಿಯಾಯಿತು. ಆತನಿಗೆ ಸಹಿ ಹಾಕುವ ಅಧಿಕಾರವಿಲ್ಲವೋ ಏನೋ, ಅದಕ್ಕೇ ತಮ್ಮವರೆಗೆ ಬಂದೆ.

ಯಂತ್ರವನ್ನು ಕಿತ್ತುಹಾಕಿ ಎನ್ನುತ್ತಿಲ್ಲ. ಯಾರನ್ನೂ ಶಿಕ್ಷಿಸಿ ಎನ್ನುತ್ತಿಲ್ಲ. ಈ ಸುಗ್ಗಿಯಲ್ಲೇ, ಹೇಳದೆ ಕೇಳದೆ, ಹಸಿ ಬಟಾಣಿ ತುಂಬಿರುವಾಗ ಒಮ್ಮೆ ಬನ್ನಿ. ಬಂದು ಆ ಕಂಡಿಗೆ ಬೀಗ ಹಾಕಿ ಕೀಲಿಯನ್ನು ತಾವೇ ಒಯ್ಯಿರಿ. ಅದಾಗದಿದ್ದರೆ, ಇಲ್ಲಿ ಮನುಷ್ಯರು ಇಳಿಯುತ್ತಾರೆ ಎಂದು ಬರೆದು, ಇಳಿಯುವವಳಿಗೊಂದು ಹಗ್ಗವನ್ನೂ ಅದನ್ನು ಹಿಡಿಯಲು ಒಬ್ಬಳನ್ನೂ ಕೊಡಿಸಿ. ಅಲ್ಲಿಯವರೆಗೆ, ಹಗ್ಗ ಕೊಟ್ಟದ್ದಕ್ಕೆ ಶಿಕ್ಷೆಯಿಲ್ಲ ಎಂದು ಮೇಸ್ತ್ರಿಗೆ ಒಂದು ಸಾಲು ಬರೆಯಿರಿ, ಸಾಕು.

ಆ ಸಾಲನ್ನು ಕಾರ್ಖಾನೆಯ ವಿಳಾಸಕ್ಕೆ ಕಳಿಸಬೇಡಿ, ಅಲ್ಲಿ ಕಾಗದಗಳು ಕಳೆದುಹೋಗುತ್ತವೆ. ಅಂಚೆಯನ್ನು ಕಾಯುವಷ್ಟು ಪುರುಸೊತ್ತು ನಮಗಿಲ್ಲ. ನಾನೇ ಬಂದು ತಮ್ಮ ಬಾಗಿಲಲ್ಲಿ ಕೂರೋಣವೆಂದರೆ, ನಾನಿಲ್ಲದ ಹೊತ್ತಿನಲ್ಲಿ ಅವಳು ಇಳಿದರೆ ಕೊರಳಪಟ್ಟಿಗೆ ಕೈ ಹಾಕುವವರು ಯಾರು? ಆದ್ದರಿಂದ ಇದನ್ನು ಓದುತ್ತಿರುವ ಉಳಿದವರಲ್ಲಿ ಬೇಡಿಕೊಳ್ಳುತ್ತೇನೆ. ನಿಮ್ಮಲ್ಲಿ ಯಾರಿಗಾದರೂ ಈ ಅಧಿಕಾರಿಗಳ ಕಚೇರಿಯ ಕಡೆ ಕೆಲಸವಿದ್ದರೆ, ದಯವಿಟ್ಟು ಒಳಗೆ ಹೋಗಿ, ನನಗೆ ಬರಬೇಕಾದ ಆ ಒಂದು ಸಾಲನ್ನು ಇಸಿದುಕೊಂಡು ತಂದುಕೊಡಿ. ನಾನು ಕಂಡಿಯ ಹತ್ತಿರವೇ ಇರುತ್ತೇನೆ.

ಇಂತಿ,
ತಮ್ಮ ಕಾಗದದ ಪ್ರಕಾರ ಏನೂ ನಡೆಯದ ಜಾಗದಲ್ಲಿ ಕಸ ಗುಡಿಸುತ್ತಿರುವವಳು